ಮನೆಯಲ್ಲೇ ಡಿವಿಡಿ, ಸಿಡಿ ಡಬ್ಬಿಗೆ ಕವರ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಯ ಡಿವಿಡಿ, ಶಾಲಾ ವಾರ್ಷಿಕೋತ್ಸವದ ರೆಕಾರ್ಡಿಂಗ್, ಹಳೇ ಕ್ಯಾಸೆಟ್‌ನಿಂದ ಇಳಿಸಿಕೊಂಡ ತಾಳಮದ್ದಳೆ. ಡಿಸ್ಕ್ ಇದೆ, ಡಬ್ಬಿ ಇದೆ. ಗುರುತಿಗೆ ಮಾತ್ರ ಮಾರ್ಕರ್‌ನಲ್ಲಿ ಗೀಚಿದ ‘ಮದುವೆ 2’. ಅದಕ್ಕೊಂದು ನೆಟ್ಟಗಿನ ಕವರ್ ಮಾಡಲು ಒಂದು ಸಾಧಾರಣ ಪ್ರಿಂಟರ್, ಸ್ಟೀಲ್ ಸ್ಕೇಲ್, ಕಟರ್, ಎರಡು ಮೂರು ಒಳ್ಳೆಯ ಹಾಳೆ ಸಾಕು. ಕೆಲಸ ಕೆಡುವುದು ವಿನ್ಯಾಸದಲ್ಲಿ ಅಲ್ಲ, ಅಳತೆಯಲ್ಲಿ. ಹಾಗಾಗಿ ಅಲ್ಲಿಂದಲೇ ಶುರು.

ಕವರ್‌ನ ಸರಿಯಾದ ಅಳತೆ ಎಷ್ಟು?

ಸಾಮಾನ್ಯ ಕಪ್ಪು ಡಿವಿಡಿ ಡಬ್ಬಿಗೆ 273 × 183 ಮಿ.ಮೀ. ಅದರಲ್ಲಿ ಹಿಂಭಾಗ 129.5, ಬೆನ್ನು (ಎರಡರ ನಡುವಿನ ಪಟ್ಟಿ) 14, ಮುಂಭಾಗ 129.5. ಸ್ಲಿಮ್ ಡಿವಿಡಿ ಡಬ್ಬಿಯ ಬೆನ್ನು 7 ಮಿ.ಮೀ. ಮಾತ್ರ, ಆದ್ದರಿಂದ ಒಟ್ಟು ಅಗಲ 266ಕ್ಕೆ ಇಳಿಯುತ್ತದೆ, ಎತ್ತರ ಅದೇ 183. ಗಾಜಿನಂತೆ ಕಾಣುವ ಸಿಡಿ ಡಬ್ಬಿಗೆ, ಅಂದರೆ ಜುವೆಲ್ ಕೇಸ್‌ಗೆ, ಎರಡು ತುಂಡು ಬೇಕು: ಮುಂದಿನದು 120 × 120, ಹಿಂದಿನದು 151 × 118. ಹಿಂದಿನ ತುಂಡಿನ ಎಡಬಲಗಳಲ್ಲಿ ತಲಾ 6.5 ಮಿ.ಮೀ. ಮಡಚಿ ಬೆನ್ನಾಗುತ್ತದೆ. ತೆಳು ಸಿಡಿ ಡಬ್ಬಿಗೆ ಹಿಂದಿನ ತುಂಡೇ ಇಲ್ಲ, ಮುಂದಿನ 120 × 120 ಒಂದೇ. ಬ್ಲೂ-ರೇ ಡಬ್ಬಿಯ ಕವರ್ ಎತ್ತರ ಸುಮಾರು 148, ಅಗಲ 270ರ ಆಸುಪಾಸು. ಬೆನ್ನಿನ ದಪ್ಪ ಡಬ್ಬಿಯಿಂದ ಡಬ್ಬಿಗೆ ಬದಲಾಗುವುದರಿಂದ ಅಳೆದೇ ಹೊರಡಿ.

ನನ್ನ ಡಬ್ಬಿ ಈ ಯಾವ ಅಳತೆಗೂ ಹೊಂದುತ್ತಿಲ್ಲ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೋ ಊರಿನ ಕಂಪ್ಯೂಟರ್ ಅಂಗಡಿಯಲ್ಲೋ ಬಿಡಿಯಾಗಿ ಸಿಗುವ ಅಗ್ಗದ ಡಬ್ಬಿಗಳಲ್ಲಿ ಒಂದೆರಡು ಮಿ.ಮೀ. ಆಚೀಚೆ ಇರುವುದು ಮಾಮೂಲು. ಎರಡು ಡಿಸ್ಕ್, ನಾಲ್ಕು ಡಿಸ್ಕ್ ಹಿಡಿಸುವ ಡಬ್ಬಿಗಳ ಬೆನ್ನಂತೂ ಒಂದೊಂದು ಥರ. ಅದೇ ಗಾತ್ರದ ಯಾವುದಾದರೂ ಸಿನಿಮಾ ಡಿವಿಡಿಯ ಕವರ್ ಹೊರಗೆಳೆದು ಅಳೆಯಿರಿ. ಅದಿಲ್ಲದಿದ್ದರೆ ಡಬ್ಬಿಯನ್ನು ಪೂರ್ತಿ ತೆರೆದು ಮೇಜಿನ ಮೇಲೆ ಮಲಗಿಸಿ, ಹೊರಗಿನ ಪ್ಲಾಸ್ಟಿಕ್ ಹಾಳೆಯ ಒಳಗೆ ಒಂದು ರದ್ದಿ ಕಾಗದ ತೂರಿಸಿ, ಅಂಚು ಬಂದಲ್ಲಿ ಪೆನ್ಸಿಲ್ ಗುರುತು ಹಾಕಿ ಹೊರಗೆ ತೆಗೆದು ಅಳೆಯಿರಿ. ಬಂದ ಅಳತೆಯಲ್ಲಿ ಉದ್ದಗಲ ಎರಡರಲ್ಲೂ ಅರ್ಧ ಮಿ.ಮೀ. ಕಳೆದರೆ ಕವರ್ ಸಲೀಸಾಗಿ ಜಾರುತ್ತದೆ.

ಅಳತೆ ಸರಿಯಾಗೇ ಕೊಟ್ಟಿದ್ದೆ, ಪ್ರಿಂಟ್ ಮಾತ್ರ ಚಿಕ್ಕದಾಗಿ ಬಂತು. ಯಾಕೆ?

ನಮಗೆ ಬರುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ಕಾರಣ ನೂರಕ್ಕೆ ತೊಂಬತ್ತು ಸಲ ಒಂದೇ: ಪ್ರಿಂಟ್ ಕೊಡುವ ಕಿಟಕಿಯಲ್ಲಿ ‘ಫಿಟ್’ ಅಥವಾ ‘ಫಿಟ್ ಟು ಪೇಜ್’ ಆಯ್ಕೆಯಾಗಿರುತ್ತದೆ. ಪ್ರಿಂಟರ್‌ಗೆ ಹಾಳೆಯ ಅಂಚಿನವರೆಗೆ ಮುದ್ರಿಸಲು ಆಗದು, ಸುತ್ತ ಕನಿಷ್ಠ 3 ಮಿ.ಮೀ. ಬಿಡುತ್ತದೆ. ‘ಫಿಟ್’ ಅಂದಾಗ ಸಾಫ್ಟ್‌ವೇರ್ ನಿಮ್ಮ ಇಡೀ ಎ4 ಪುಟವನ್ನು ಆ ಉಳಿದ ಜಾಗದೊಳಗೆ ಕುಗ್ಗಿಸುತ್ತದೆ. ಶೇಕಡಾ 96ಕ್ಕೆ ಕುಗ್ಗಿದರೆ 273 ಇದ್ದದ್ದು 262 ಆಗುತ್ತದೆ. ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣದು, ಡಬ್ಬಿಯೊಳಗೆ ಹಾಕಿದಾಗ ಎರಡೂ ಬದಿ ಐದೈದು ಮಿ.ಮೀ. ಕಪ್ಪು ಪಟ್ಟಿ ಇಣುಕುತ್ತದೆ, ಬೆನ್ನಿನ ಬರಹ ಪಕ್ಕಕ್ಕೆ ಸರಿದು ಕೂರುತ್ತದೆ.

‘ಆಕ್ಚುಯಲ್ ಸೈಜ್’ ಅಥವಾ ‘100%’ ಆರಿಸಿ. ಇನ್ನೂ ಮೂರು ಜಾಗ ನೋಡಬೇಕು. ಪ್ರಿಂಟರ್ ಡ್ರೈವರ್‌ನಲ್ಲಿ ಹಾಳೆಯ ಗಾತ್ರ ‘ಲೆಟರ್’ ಎಂದಿದ್ದರೆ ಎ4 ಮಾಡಿ; ಲೆಟರ್ ಹಾಳೆ 279 ಮಿ.ಮೀ. ಉದ್ದ, ಎ4 297. ‘ಬಾರ್ಡರ್‌ಲೆಸ್’ ಆನ್ ಆಗಿದ್ದರೆ ತೆಗೆಯಿರಿ. ಅದು ಅಂಚಿನಲ್ಲಿ ಬಿಳಿ ಉಳಿಯದಿರಲಿ ಎಂದು ಚಿತ್ರವನ್ನು ಸ್ವಲ್ಪ ಹಿಗ್ಗಿಸುತ್ತದೆ. ಇನ್ನೊಂದು, ಕವರನ್ನು ಜೆಪೆಗ್ ಮಾಡಿ ಫೋಟೊ ತೋರಿಸುವ ತಂತ್ರಾಂಶದಿಂದ ಪ್ರಿಂಟ್ ಕೊಡಬೇಡಿ. ಅದು ಮಿ.ಮೀ. ಲೆಕ್ಕ ಬಿಟ್ಟು ಹಾಳೆ ತುಂಬಿಸುವುದನ್ನೇ ನೋಡುತ್ತದೆ. ಪಿಡಿಎಫ್ ಮಾಡಿಯೇ ಕೊಡಿ.

ಇಷ್ಟೂ ಸರಿಯಿದೆಯೇ ಎಂದು ತಿಳಿಯಲು ಒಂದು ಸುಲಭ ಉಪಾಯ. ಕವರ್‌ನ ಹೊರಗೆ, ಹಾಳೆಯ ಖಾಲಿ ಅಂಚಿನಲ್ಲಿ, ಸರಿಯಾಗಿ 100 ಮಿ.ಮೀ. ಉದ್ದದ ಒಂದು ಗೆರೆ ಹಾಕಿಡಿ. ಮೊದಲು ಸಾದಾ ಜೆರಾಕ್ಸ್ ಹಾಳೆಯಲ್ಲಿ ಡ್ರಾಫ್ಟ್ ಪ್ರಿಂಟ್ ತೆಗೆದು ಆ ಗೆರೆ ಅಳೆಯಿರಿ. 100 ಬಂದರೆ ಮುಂದುವರಿಯಿರಿ, 96 ಬಂದರೆ ಎಲ್ಲೋ ‘ಫಿಟ್’ ಅಡಗಿದೆ. ಅದೇ ಹಾಳೆಯನ್ನು ಕತ್ತರಿಸಿ ಡಬ್ಬಿಗೆ ಹಾಕಿಯೂ ನೋಡಿ. ಗ್ಲಾಸಿ ಹಾಳೆ ಆಮೇಲೆ.

ಯಾವ ಸಾಫ್ಟ್‌ವೇರ್ ಬಳಸಲಿ? ದುಡ್ಡು ಕೊಟ್ಟು ಕೊಳ್ಳಬೇಕಾ?

ಬೇಡ. ಇಂಕ್‌ಸ್ಕೇಪ್ ಮತ್ತು ಲಿಬ್ರೆಆಫೀಸ್ ಡ್ರಾ ಎರಡೂ ಉಚಿತ, ಎರಡೂ ಮಿ.ಮೀ.ನಲ್ಲಿ ಕೆಲಸ ಮಾಡುತ್ತವೆ, ಎರಡರಲ್ಲೂ ಯೂನಿಕೋಡ್ ಕನ್ನಡ ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತದೆ. ಫೋಟೊ ತಿದ್ದಲು ಗಿಂಪ್ ಇಟ್ಟುಕೊಳ್ಳಿ, ಆದರೆ ಇಡೀ ಕವರನ್ನು ಅದರಲ್ಲೇ ಮಾಡಬೇಡಿ. ಸಣ್ಣ ಅಕ್ಷರಗಳು ಚುಕ್ಕೆಚಿತ್ರವಾಗಿ ಅಂಚು ಮಸುಕಾಗುತ್ತವೆ. ವರ್ಡ್‌ನಲ್ಲಿ ಮಾಡಬಹುದು, ಆದರೆ ಚಿತ್ರ ತಾನಾಗಿ ಜಿಗಿಯುವುದನ್ನು ಸಹಿಸುವ ತಾಳ್ಮೆ ಬೇಕು.

ಡ್ರಾನಲ್ಲಿ ಡಿವಿಡಿ ಕವರ್ ಹೀಗೆ: ಹೊಸ ಪುಟ, ಎ4, ಅಡ್ಡ. ಅಂಚುಗಳೆಲ್ಲ ಸೊನ್ನೆ. ಒಂದು ಆಯತ ಎಳೆದು ಎಫ್4 ಒತ್ತಿ, ಅಗಲ 273, ಎತ್ತರ 183, ಎಡದಿಂದ 12, ಮೇಲಿನಿಂದ 13.5 ಎಂದು ಕೊಡಿ. ಕವರ್ ಹಾಳೆಯ ನಡುಮಧ್ಯೆ ಕೂರುತ್ತದೆ. ಈಗ ಎಡದಿಂದ 141.5 ಮತ್ತು 155.5 ಮಿ.ಮೀ.ನಲ್ಲಿ ಎರಡು ನಿಲುವು ಮಾರ್ಗದರ್ಶಿ ಗೆರೆ. ಅವೆರಡರ ನಡುವಿನ 14 ಮಿ.ಮೀ. ಬೆನ್ನು. ಈ ಕಡತವನ್ನು ಖಾಲಿಯಾಗೇ ಒಮ್ಮೆ ಉಳಿಸಿಟ್ಟರೆ ಮುಂದಿನ ಕವರ್‌ಗಳಿಗೆಲ್ಲ ಇದೇ ಅಚ್ಚು.

ಫೋನಿನಲ್ಲೇ ಮಾಡುವವರು ಅಳತೆಯನ್ನು ಮಿ.ಮೀ.ನಲ್ಲಿ ಕೊಡಲು ಬರುವ, ಪಿಡಿಎಫ್ ಹೊರತೆಗೆಯಲು ಬಿಡುವ ಆ್ಯಪ್ ಆರಿಸಿ.

ಮುಂಭಾಗ ಎಡಕ್ಕೆ ಬರಬೇಕೋ ಬಲಕ್ಕೋ?

ಬಲಕ್ಕೆ. ಅಚ್ಚಾದ ಮುಖ ನಿಮ್ಮ ಕಡೆಗಿದ್ದಾಗ ಎಡದಲ್ಲಿ ಹಿಂಭಾಗ, ನಡುವೆ ಬೆನ್ನು, ಬಲದಲ್ಲಿ ಮುಂಭಾಗ. ತಿರುವುಮುರುವಾದರೆ ಡಬ್ಬಿ ತೆರೆಯುವ ದಿಕ್ಕೇ ಉಲ್ಟಾ ಆಗುತ್ತದೆ. ಅನುಮಾನ ಬಂದರೆ ಒಂದು ಪುಸ್ತಕವನ್ನು ಕವುಚಿ ಬಿಡಿಸಿಟ್ಟು ಅದರ ರಕ್ಷಾಪುಟ ನೋಡಿ.

ಹಿನ್ನೆಲೆಯ ಬಣ್ಣವನ್ನು ಕವರ್‌ನ ಅಂಚಿಗೇ ನಿಲ್ಲಿಸಬೇಕಾ?

ಬೇಡ, ಸುತ್ತ 3 ಮಿ.ಮೀ. ಹೊರಗೆ ಹರಿಸಿ. ಅಂದರೆ ಹಿನ್ನೆಲೆ 279 × 189. ಕತ್ತರಿಸುವಾಗ ಕೂದಲೆಳೆಯಷ್ಟು ಕೈ ಜಾರಿದರೂ ಬಿಳಿ ಅಂಚು ಕಾಣದು. ಅದೇ ರೀತಿ ಬರಹ, ಮುಖಗಳು ಅಂಚಿನಿಂದ 5 ಮಿ.ಮೀ. ಒಳಗಿರಲಿ. ಕತ್ತರಿಸುವ ಗುರುತುಗಳನ್ನು ಕವರ್‌ನ ಹೊರಗೆ, ಮೂಲೆಗಳಲ್ಲಿ ಪುಟ್ಟ ಗೆರೆಗಳಾಗಿ ಹಾಕಿ. ಕವರ್ ಸುತ್ತ ಪೂರ್ತಿ ಚೌಕಟ್ಟಿನ ಗೆರೆ ಹಾಕಿದರೆ ಕತ್ತರಿಸಿದ ಮೇಲೆ ಒಂದು ಬದಿಯಲ್ಲಿ ಗೆರೆ ಉಳಿದು ಇನ್ನೊಂದು ಬದಿಯಲ್ಲಿ ಮಾಯವಾಗಿ ಸೊಟ್ಟ ಕಾಣುತ್ತದೆ.

ಬೆನ್ನಿನ ಮೇಲೆ ಕನ್ನಡ ಬರೆದರೆ ಒತ್ತಕ್ಷರ ಕತ್ತರಿಸಿ ಹೋಗುತ್ತದೆ. ಅಕ್ಷರ ಎಷ್ಟು ದೊಡ್ಡದಿಡಬೇಕು?

ನೆಟ್‌ನಲ್ಲಿ ಸಿಗುವ ಮಾದರಿಗಳೆಲ್ಲ ಇಂಗ್ಲಿಷ್ ದೊಡ್ಡಕ್ಷರಕ್ಕೆ ಲೆಕ್ಕ ಹಾಕಿದವು. ಅವುಗಳಲ್ಲಿ ಅಕ್ಷರದ ಮೇಲೂ ಕೆಳಗೂ ಏನೂ ಇಲ್ಲ. ನಮ್ಮದು ಹಾಗಲ್ಲ. ‘ನಿಶ್ಚಿತಾರ್ಥ’ ಎಂಬ ಒಂದು ಪದವನ್ನೇ ನೋಡಿ: ಮೇಲೆ ಗುಡಿಸು, ಕೆಳಗೆ ಚಕಾರದ ಒತ್ತು, ಕೊನೆಗೆ ಅರ್ಕಾವತ್ತು ಪಕ್ಕಕ್ಕೆ ಚಾಚಿ ಪದವನ್ನು ಇನ್ನಷ್ಟು ಉದ್ದ ಮಾಡುತ್ತದೆ. ‘ರಾಷ್ಟ್ರ’ದಲ್ಲಿ ಒತ್ತಿಗೇ ಇನ್ನೊಂದು ಒತ್ತು.

ಲೆಕ್ಕ ಹೀಗೆ. 14 ಮಿ.ಮೀ. ಅಂದರೆ ಸುಮಾರು 40 ಪಾಯಿಂಟ್. ಮಡಿಕೆ ಒಂದು ಮಿ.ಮೀ. ಅತ್ತಿತ್ತ ಆದರೂ ಬರಹ ಬೆನ್ನಿನಿಂದ ಇಳಿಯಬಾರದು, ಹಾಗಾಗಿ ಎರಡೂ ಬದಿ 2 ಮಿ.ಮೀ. ಬಿಡಿ. ಉಳಿದದ್ದು 10 ಮಿ.ಮೀ., ಸುಮಾರು 28 ಪಾಯಿಂಟ್. ಗುಡಿಸಿನಿಂದ ಒತ್ತಿನ ತುದಿವರೆಗೆ ಎಲ್ಲ ಅದರೊಳಗೆ ಹಿಡಿಯಬೇಕಾದರೆ ಫಾಂಟ್ ಗಾತ್ರ 16ರಿಂದ 18. ಒತ್ತೇ ಇಲ್ಲದ ಶೀರ್ಷಿಕೆಯಾದರೆ 20ಕ್ಕೆ ಏರಿಸಬಹುದು. 7 ಮಿ.ಮೀ. ಬೆನ್ನಿಗೆ 8 ಪಾಯಿಂಟ್, ಸಿಡಿಯ 6.5 ಮಿ.ಮೀ.ಗೆ 7ರಿಂದ 8. ಆ ಗಾತ್ರದಲ್ಲಿ ಎಳೆ ದಪ್ಪಸಣ್ಣ ಇರುವ ಅಲಂಕಾರದ ಫಾಂಟ್ ಓದಲಾಗದು. ನೋಟೊ ಸ್ಯಾನ್ಸ್ ಕನ್ನಡದಂತಹ ಸಮ ಎಳೆಯ ಫಾಂಟ್ ಹಾಕಿ. ‘ಬಾಲೂ ತಮ್ಮ’ ಎಂಬ ಫಾಂಟಿನಂತಹ ದಪ್ಪನೆಯವು ಮುಂಭಾಗದ ಶೀರ್ಷಿಕೆಗೆ ಚೆಂದ, ಸಣ್ಣ ಬೆನ್ನಿಗೆ ಅಲ್ಲ.

ಇನ್ನೊಂದು ಕಾಟ: ‘ಶುಭವಿವಾಹ’ ಎಂದು ಬರೆದು ಬೆನ್ನಿನ ನಡುವೆ ಕೂರಿಸಿದರೂ ಅದು ಮುಂಭಾಗದ ಕಡೆಗೆ ಸರಿದಂತೆ ಕಾಣುತ್ತದೆ. ತಪ್ಪು ನಿಮ್ಮದಲ್ಲ. ಸಾಫ್ಟ್‌ವೇರ್ ನಡುವಿಗೆ ತರುವುದು ಪಠ್ಯದ ಪೆಟ್ಟಿಗೆಯನ್ನು, ಅದರಲ್ಲಿ ಒತ್ತಿಗೆಂದು ಕಾದಿಟ್ಟ ಜಾಗ ಖಾಲಿಯೇ ಉಳಿದಿರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಪದವನ್ನು ‘ಆಬ್ಜೆಕ್ಟ್ ಟು ಪಾತ್’ ಮಾಡಿ (ಅಕ್ಷರಗಳು ಬರೀ ಆಕಾರಗಳಾಗುತ್ತವೆ), ಗುಂಪುಗೂಡಿಸಿ, ಆಮೇಲೆ ನಡುವಿಗೆ ತನ್ನಿ. ಡ್ರಾನಲ್ಲಾದರೆ ಕಣ್ಣಳತೆಯಲ್ಲಿ ಒಂದು ಮಿ.ಮೀ. ತಳ್ಳಿದರೆ ಸಾಕು.

ಅಕ್ಷರಗಳನ್ನು ಒಂದರ ಕೆಳಗೊಂದು ಪೇರಿಸಿ ಬರೆಯುವ ಆಸೆ ಬಿಡಿ. ಒತ್ತು, ಕಾಗುಣಿತಗಳಿಂದಾಗಿ ಸಾಲು ಎಲ್ಲೆಲ್ಲೋ ಏರಿಳಿಯುತ್ತದೆ. ಇಡೀ ಪದವನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ 90 ಡಿಗ್ರಿ ತಿರುಗಿಸಿ, ಮೇಲಿನಿಂದ ಕೆಳಕ್ಕೆ ಓದುವಂತಿರಲಿ. ಡಬ್ಬಿಯನ್ನು ಮುಖ ಮೇಲಾಗಿ ಮಲಗಿಸಿದಾಗ ಬೆನ್ನಿನ ಬರಹ ನೆಟ್ಟಗೆ ಕಾಣಬೇಕು.

‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ತಂದು ಹಾಕಿದರೆ ಏನೇನೋ ಚಿಹ್ನೆ ಬರುತ್ತದೆ.

ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಕಡತಗಳಲ್ಲಿ ಇರುವುದು ನಿಜಕ್ಕೂ ಕನ್ನಡ ಸಂಕೇತಗಳಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟ್. ಫಾಂಟ್ ಬದಲಾದ ಕ್ಷಣ ಬಣ್ಣ ಬಯಲು. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ ತನ್ನಿ, ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಎರಡೆರಡು ಒತ್ತಿನ ಪದಗಳನ್ನು ಒಮ್ಮೆ ಓದಿ ನೋಡಿ, ಎಡವಟ್ಟಾಗುವುದು ಅಲ್ಲೇ. ಕವರ್‌ಗೆ ಬೇಕಾಗುವುದು ಹೆಚ್ಚೆಂದರೆ ಐವತ್ತು ಪದ. ಹೊಸದಾಗಿ ಟೈಪ್ ಮಾಡುವುದೇ ಬೇಗ ಮುಗಿಯುತ್ತದೆ.

ಫೋಟೊಶಾಪ್‌ನಲ್ಲಿ ‘ಕ್ಷ’ ಒಡೆದು ‘ಕ್ ಷ’ ಆಗುತ್ತದೆ.

ಪ್ರಿಫರೆನ್ಸಸ್‌ನ ‘ಟೈಪ್’ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳಿಗೆ ಇರುವ ಪಠ್ಯ ಎಂಜಿನ್ ಆರಿಸಿ, ಹೊಸ ಕಡತ ತೆರೆಯಿರಿ. ಹೊಸ ಆವೃತ್ತಿಗಳಲ್ಲಿ ಪ್ಯಾರಾಗ್ರಾಫ್ ಫಲಕದಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಇದೆ. ಹಳೆ ಆವೃತ್ತಿಯಲ್ಲಿ ಎರಡೂ ಸಿಗದಿದ್ದರೆ ಬರಹವನ್ನು ಇಂಕ್‌ಸ್ಕೇಪ್‌ನಲ್ಲಿ ಮಾಡಿ ಪಿಡಿಎಫ್ ಆಗಿ ತಂದು ಕೂರಿಸಿ.

ಫೋಟೊ ಮಸುಕಾಗಿ ಅಚ್ಚಾಗುತ್ತದೆ. ಫೋನಿನಲ್ಲಿ ಚೆನ್ನಾಗೇ ಕಾಣುತ್ತಿತ್ತಲ್ಲ?

ಫೋನಿನ ಪರದೆ ಚಿಕ್ಕದು, ಎಲ್ಲವೂ ಚೆನ್ನಾಗೇ ಕಾಣುತ್ತದೆ. ಲೆಕ್ಕ ನೋಡಿ. 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಇಡೀ ಡಿವಿಡಿ ಕವರ್ ಅಂದರೆ 3224 × 2161 ಪಿಕ್ಸೆಲ್. ಮುಂಭಾಗ ಒಂದಕ್ಕೇ 1530 × 2161. ಸಿಡಿಯ ಮುಂದಿನ ಕಾರ್ಡ್‌ಗೆ 1417 × 1417. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿದಿರುತ್ತದೆ. ನಿಲುವು ಫೋಟೊವಾಗಿದ್ದು ಪೂರ್ತಿ ಬಳಸಿದರೆ 220 ಡಿಪಿಐ, ನಡೆದೀತು. ಅಡ್ಡ ಫೋಟೊದಲ್ಲಿ ಗಂಡುಹೆಣ್ಣನ್ನು ಮಾತ್ರ ಕತ್ತರಿಸಿಕೊಂಡರೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ, ಮುಖ ಮೇಣದ ಗೊಂಬೆಯಂತಾಗುತ್ತದೆ. ಫೋಟೊವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ.

ಡಿವಿಡಿಯ ವಿಡಿಯೊದಿಂದಲೇ ದೃಶ್ಯ ತೆಗೆದು ಮುಂಭಾಗ ತುಂಬಿಸುವುದು ಇನ್ನೂ ದೊಡ್ಡ ತಪ್ಪು. ನಮ್ಮಲ್ಲಿ ಬಳಕೆಯಲ್ಲಿರುವ ‘ಪಾಲ್’ ಎಂಬ ಟಿವಿ ಪದ್ಧತಿಯ ಡಿವಿಡಿಯ ಒಂದು ಫ್ರೇಮ್ 720 × 576 ಪಿಕ್ಸೆಲ್ ಅಷ್ಟೇ. 183 ಮಿ.ಮೀ. ಎತ್ತರಕ್ಕೆ ಹಿಗ್ಗಿಸಿದರೆ 80 ಡಿಪಿಐ. ಅದೇ ಚಿತ್ರ ಹಿಂಭಾಗದಲ್ಲಿ 45ರಿಂದ 60 ಮಿ.ಮೀ. ಅಗಲದಲ್ಲಿ ಲಕ್ಷಣವಾಗಿ ಅಚ್ಚಾಗುತ್ತದೆ. ಅಲ್ಲೂ ಒಂದು ಎಚ್ಚರ: ಡಿವಿಡಿಯ ಪಿಕ್ಸೆಲ್ ಚೌಕವಲ್ಲ. ಫ್ರೇಮನ್ನು ಹಾಗೇ ತಂದರೆ 16:9 ವಿಡಿಯೊದಲ್ಲಿ ಎಲ್ಲರೂ ತೆಳ್ಳಗೆ ಉದ್ದಕ್ಕೆ ಕಾಣುತ್ತಾರೆ. ಅಗಲವನ್ನು 1024ಕ್ಕೆ ಹಿಗ್ಗಿಸಿ, ಎತ್ತರ 576 ಹಾಗೇ ಇರಲಿ. ಹಳೆಯ 4:3 ವಿಡಿಯೊ ಆದರೆ 768.

ಹಿಂಭಾಗದಲ್ಲಿ ಏನು ಬರೆಯಲಿ? ಜಾಗ ಖಾಲಿ ಬಿಟ್ಟರೆ ಆಗದಾ?

ಆಗುತ್ತದೆ. ಆದರೆ ಕವರ್ ಮಾಡುವುದೇ ಹಿಂಭಾಗಕ್ಕಾಗಿ ಎಂಬುದು ನಮ್ಮ ಅಭಿಪ್ರಾಯ. ಮುಂಭಾಗದ ಫೋಟೊ ಆಲ್ಬಮ್‌ನಲ್ಲೂ ಇರುತ್ತದೆ. ಡಿಸ್ಕ್‌ನಲ್ಲಿ ಏನಿದೆ ಎಂಬುದು ಇನ್ನೆಲ್ಲೂ ಇರುವುದಿಲ್ಲ.

ಮದುವೆಯಾದರೆ ದಿನಾಂಕ, ಛತ್ರ, ಊರು. ಯಾವ ಡಿಸ್ಕ್‌ನಲ್ಲಿ ಯಾವ ಶಾಸ್ತ್ರ. ಪ್ರತಿಯೊಂದು ಎಷ್ಟನೇ ನಿಮಿಷಕ್ಕೆ ಶುರು. ‘ಡಿಸ್ಕ್ 1: ವರಪೂಜೆ 0:00, ಕಾಶಿಯಾತ್ರೆ 0:42, ಧಾರೆ 1:05’ ಎಂಬಷ್ಟು ಸಾಕು, ಅಜ್ಜಿಗೆ ಧಾರೆ ತೋರಿಸಲು ಎರಡು ಗಂಟೆ ಓಡಿಸಬೇಕಾಗಿಲ್ಲ. ಯಕ್ಷಗಾನ, ತಾಳಮದ್ದಳೆ, ಹರಿಕಥೆ, ಭಜನೆಯಾದರೆ ಪ್ರಸಂಗದ ಹೆಸರು, ಭಾಗವತರು, ಮದ್ದಳೆ-ಚೆಂಡೆ ಯಾರು, ಅರ್ಥಧಾರಿಗಳು ಯಾವ ಪಾತ್ರದಲ್ಲಿ, ಆಟ ನಡೆದ ಜಾಗ. ಮೂಲ ಕ್ಯಾಸೆಟ್ ಎಷ್ಟು, ಯಾವ ಬದಿ ಎಲ್ಲಿ ಮುಗಿಯುತ್ತದೆ, ಎಲ್ಲಿ ಟೇಪ್ ಹಾಳಾಗಿ ದನಿ ಕುಂದಿದೆ ಎಂಬುದನ್ನೂ ಸೇರಿಸಿ. ಹೆಸರು ಖಚಿತವಿಲ್ಲದಿದ್ದರೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ, ಊಹೆಯನ್ನು ನಿಜದಂತೆ ಅಚ್ಚು ಮಾಡಬೇಡಿ. ಡಿಸ್ಕ್ ಬರೆದ ದಿನಾಂಕ ಕೆಳಮೂಲೆಯಲ್ಲಿರಲಿ. ಮನೆಯಲ್ಲಿ ಬರೆದ ಡಿಸ್ಕ್ ಶಾಶ್ವತವಲ್ಲ, ಯಾವುದನ್ನು ಮೊದಲು ಪ್ರತಿ ತೆಗೆಯಬೇಕೆಂದು ಅದರಿಂದಲೇ ತಿಳಿಯುವುದು.

ಬರಹದ ಗಾತ್ರ 9 ಪಾಯಿಂಟ್‌ಗಿಂತ ಕಡಿಮೆ ಬೇಡ, ಹಿರಿಯರು ಓದುವುದಾದರೆ 11. ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕಪ್ಪು ಹಿನ್ನೆಲೆ ಮೇಲೆ ಬಿಳಿ ಸಣ್ಣಕ್ಷರ ಇಂಕ್‌ಜೆಟ್‌ನಲ್ಲಿ ಬೇಡವೇ ಬೇಡ. ಶಾಯಿ ಹರಡಿ ಒತ್ತುಗಳು ಮುಚ್ಚಿಹೋಗುತ್ತವೆ.

ಕ್ಯೂಆರ್ ಕೋಡ್ ಹಾಕಬಹುದಾ?

ಒಳ್ಳೆಯ ಉಪಾಯ, ಡಿಸ್ಕ್ ಓದುವ ಯಂತ್ರವೇ ಇಲ್ಲದ ಮನೆಗಳು ಈಗ ಹೆಚ್ಚು. ಕನಿಷ್ಠ 20 ಮಿ.ಮೀ. ಚೌಕ, ತಿಳಿ ಹಿನ್ನೆಲೆಯ ಮೇಲೆ ಕಪ್ಪು, ಸುತ್ತ 3 ಮಿ.ಮೀ. ಖಾಲಿ. ಡಬ್ಬಿಗೆ ಹಾಕಿದ ಮೇಲೆ ಪ್ಲಾಸ್ಟಿಕ್ ಹಾಳೆಯ ಮೂಲಕವೇ ಸ್ಕ್ಯಾನ್ ಮಾಡಿ ಪರೀಕ್ಷಿಸಿ, ಹೊಳಪಿನಿಂದ ಕೆಲವೊಮ್ಮೆ ಓದದು.

ಯಾವ ಹಾಳೆ ತರಬೇಕು?

ಅದು ನಿಮ್ಮ ಪ್ರಿಂಟರ್ ಇಂಕ್‌ಜೆಟ್ಟೋ ಲೇಸರೋ ಎಂಬುದರ ಮೇಲೆ ನಿಂತಿದೆ, ಇಲ್ಲಿ ಅದಲುಬದಲಾಗಬಾರದು. ಇಂಕ್‌ಜೆಟ್‌ಗೆ 120-130 ಜಿಎಸ್‌ಎಂನ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಮ್ಯಾಟ್ ಕೋಟೆಡ್ ಹಾಳೆ ನಮ್ಮ ಮೊದಲ ಆಯ್ಕೆ: ಬೆರಳಚ್ಚು ಬೀಳದು, ಮಡಿಕೆ ಬಿರಿಯದು, ಹೊರಗಿನ ಪ್ಲಾಸ್ಟಿಕ್ ಹೇಗೂ ಹೊಳಪು ಕೊಡುತ್ತದೆ. ಗ್ಲಾಸಿಯೇ ಬೇಕೆಂದರೆ 130ರಿಂದ 180ರ ಒಳಗೆ. 200 ದಾಟಿದ ಫೋಟೊ ಹಾಳೆ ಬೆನ್ನಿನಲ್ಲಿ ಬಾಗಲು ಒಪ್ಪದೆ ಡಬ್ಬಿಯ ಮುಚ್ಚಳವನ್ನೇ ಹಿಂದಕ್ಕೆ ತಳ್ಳುತ್ತದೆ. ಸಾದಾ 70-80 ಜಿಎಸ್‌ಎಂ ಹಾಳೆ ಶಾಯಿ ಕುಡಿದು ಅಲೆಯಲೆಯಾಗುತ್ತದೆ, ಹಿಂದಿನ ಕಪ್ಪು ಪ್ಲಾಸ್ಟಿಕ್ ತೋರಿ ಬಣ್ಣ ಮಂಕಾಗುತ್ತದೆ.

ಲೇಸರ್‌ಗೆ 100-130ರ ಆರ್ಟ್ ಪೇಪರ್. ಇಂಕ್‌ಜೆಟ್‌ನ ಗ್ಲಾಸಿ ಹಾಳೆಯನ್ನು ಲೇಸರ್‌ಗೆ ಹಾಕಿದರೆ ಅದರ ಮೇಲ್ಪದರ ಬಿಸಿಗೆ ಕರಗಿ ಒಳಗಿನ ರೋಲರ್‌ಗೆ ಮೆತ್ತಿಕೊಳ್ಳುತ್ತದೆ. ರಿಪೇರಿ ಖರ್ಚು ಹೊಸ ಪ್ರಿಂಟರ್‌ನ ದಾರಿ ತೋರಿಸಬಹುದು. ಇದಕ್ಕೆ ಉಲ್ಟಾ, ಆರ್ಟ್ ಪೇಪರ್ ಇಂಕ್‌ಜೆಟ್‌ಗೆ ಹಾಕಿದರೆ ಅನಾಹುತವೇನಿಲ್ಲ, ಶಾಯಿ ಒಣಗುವುದಿಲ್ಲ ಅಷ್ಟೇ.

ಗ್ಲಾಸಿ ಹಾಳೆಯಲ್ಲಿ ಬಣ್ಣ ಸರಿ, ಕಪ್ಪಕ್ಷರ ಮಾತ್ರ ಕೈಗೆ ಮೆತ್ತುತ್ತದೆ.

ಇಂಕ್ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಹಲವಕ್ಕೆ ಬಣ್ಣದ ಶಾಯಿ ಒಂದು ಜಾತಿ, ಕಪ್ಪು ಇನ್ನೊಂದು. ಬಣ್ಣದವು ಹಾಳೆಯೊಳಗೆ ಇಂಗುವ ಡೈ, ಕಪ್ಪು ಮೇಲೆಯೇ ಕೂರುವ ಪಿಗ್‌ಮೆಂಟ್. ಗ್ಲಾಸಿ ಪದರದ ಮೇಲೆ ಪಿಗ್‌ಮೆಂಟ್ ಕಪ್ಪು ಹಿಡಿಯದು. ಡ್ರೈವರ್‌ನಲ್ಲಿ ಹಾಳೆಯ ಬಗೆ ‘ಪ್ಲೇನ್’ ಎಂದೇ ಬಿಟ್ಟಿರುತ್ತೀರಿ, ಅದು ಕಪ್ಪು ಶಾಯಿಯನ್ನೇ ಸುರಿಯುತ್ತದೆ. ‘ಫೋಟೊ ಪೇಪರ್ ಗ್ಲಾಸಿ’ ಆರಿಸಿದರೆ ಇಂಥ ಪ್ರಿಂಟರ್ ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತದೆ. ಮೆತ್ತುವುದು ನಿಲ್ಲುತ್ತದೆ.

ಆಮೇಲೂ ಅರ್ಧ ಗಂಟೆ ಫ್ಯಾನಿನ ನೇರ ಗಾಳಿಗಿಡದೆ ಹರಡಿ ಒಣಗಿಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಒಂದು ರಾತ್ರಿ ಬಿಡುವುದೇ ಕ್ಷೇಮ. ಹಸಿಯಿರುವಾಗ ತುರುಕಿದರೆ ಪ್ಲಾಸ್ಟಿಕ್‌ಗೆ ಅಂಟಿ ನಕಾಶೆಯಂಥ ಕಲೆ ಮೂಡುತ್ತದೆ, ಅದು ಹೋಗುವುದಿಲ್ಲ. ಉಳಿದ ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರ್‌ನಲ್ಲಿಡಿ.

ಪರದೆಯಲ್ಲಿ ಕಂಡ ಕುಂಕುಮದ ಕೆಂಪು ಪ್ರಿಂಟ್‌ನಲ್ಲಿ ಇಟ್ಟಿಗೆ ಬಣ್ಣವಾಯಿತು.

ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರಿಂಟರ್ ಶಾಯಿಯಿಂದ. ಕಡುಕೆಂಪು, ಗಿಣಿಹಸಿರು, ಮಯೂರ ನೀಲಿ ಸೀರೆಗಳು ಒಂದಿಷ್ಟು ಮಂಕಾಗಿಯೇ ತೀರುತ್ತವೆ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ ನೋಡಿ ತಿದ್ದಿ. ಒಂದು ಬಣ್ಣ ಪೂರ್ತಿ ಎದ್ದು ಬೇರೆಯಾದರೆ ಮೊದಲು ನಾಜಲ್ ಚೆಕ್ ಮಾಡಿ, ಯಾವುದೋ ಶಾಯಿಯ ರಂಧ್ರ ಕಟ್ಟಿರುತ್ತದೆ. ಮನೆಯ ಪ್ರಿಂಟರ್‌ಗಾಗಿ ಕಡತವನ್ನು ಸಿಎಂವೈಕೆ (ನಾಲ್ಕು ಶಾಯಿಗಳ ಬಣ್ಣಪದ್ಧತಿ) ಮಾಡಬೇಡಿ. ಡ್ರೈವರ್ ಬಯಸುವುದು ಪರದೆಯ ಬಣ್ಣಪದ್ಧತಿಯಾದ ಆರ್‌ಜಿಬಿ.

ಕತ್ತರಿಸುವುದು, ಮಡಚುವುದು, ಹಾಕುವುದು ಹೇಗೆ?

ಕತ್ತರಿ ಬೇಡ, ಉದ್ದದ ನೇರ ಗೆರೆ ಅದರಿಂದ ಬರದು. ಸ್ಟೀಲ್ ಸ್ಕೇಲನ್ನು ಕವರ್‌ನ ಮೇಲೆಯೇ ಇಟ್ಟು, ಬಿಸಾಡುವ ಬದಿಯಲ್ಲಿ ಕಟರ್ ಓಡಿಸಿ. ಜಾರಿದರೂ ರದ್ದಿಗೆ ಏಟು. ಒಂದೇ ಸಲ ಒತ್ತದೆ ಹಗುರವಾಗಿ ಎರಡು ಮೂರು ಬಾರಿ ಎಳೆಯಿರಿ. ಅಲಗಿನ ತುದಿ ಮೊಂಡಾಗಿದ್ದರೆ ಹಾಳೆ ಹರಿದು ಅಂಚು ನಾರುನಾರಾಗುತ್ತದೆ, ಒಂದು ತುಂಡು ಮುರಿದು ಹೊಸ ತುದಿ ತೆಗೆಯಿರಿ. ಅಡಿಗೆ ಕಟಿಂಗ್ ಮ್ಯಾಟ್ ಇಲ್ಲದಿದ್ದರೆ ದಪ್ಪ ರಟ್ಟು.

ಡಿವಿಡಿ ಕವರ್ 130 ಜಿಎಸ್‌ಎಂ ಒಳಗಿದ್ದರೆ ಮಡಿಕೆ ಹಾಕುವುದೇ ಬೇಡ, ಬೆನ್ನಿನಲ್ಲಿ ತಾನೇ ಬಾಗುತ್ತದೆ. ಚೂಪಾಗಿ ಮಡಚಿದರೆ ಕಡುಬಣ್ಣದ ಹಿನ್ನೆಲೆಯಲ್ಲಿ, ಅದರಲ್ಲೂ ಲೇಸರ್ ಪ್ರಿಂಟ್‌ನಲ್ಲಿ, ಬಣ್ಣ ಬಿರಿದು ಬಿಳಿ ಗೆರೆ ಮೂಡುತ್ತದೆ. ದಪ್ಪ ಹಾಳೆಗೆ ಶಾಯಿ ಮುಗಿದ ಬಾಲ್‌ಪೆನ್ ರೀಫಿಲ್‌ನಿಂದ ಸ್ಕೇಲ್ ಹಿಡಿದು ಗೀರಿ. ಬಿಳಿ ಗೆರೆ ಬಂದೇಬಿಟ್ಟರೆ ಅದೇ ಬಣ್ಣದ ಸ್ಕೆಚ್ ಪೆನ್ ತುದಿ ಸವರಿ, ಕೂಡಲೇ ಒರೆಸಿ.

ಹಾಕುವಾಗ ಡಬ್ಬಿ ಪೂರ್ತಿ ತೆರೆದು ಮಲಗಿರಬೇಕು. ಮುಚ್ಚಿದ ಡಬ್ಬಿಯಲ್ಲಿ ಪ್ಲಾಸ್ಟಿಕ್ ಬಿಗಿಯಾಗಿ ಹಾಳೆ ಸುಕ್ಕುಗಟ್ಟುತ್ತದೆ. ಎರಡೂ ಬದಿಯನ್ನು ಒಟ್ಟಿಗೆ ಮೇಲಿನಿಂದ ಇಳಿಸಿ. ಮೂಲೆ ಸಿಕ್ಕಿಕೊಂಡರೆ ಕೆಳಗಿನ ಎರಡು ಮೂಲೆಗಳನ್ನು ಅರ್ಧ ಮಿ.ಮೀ.ನಷ್ಟು ಓರೆಯಾಗಿ ಕತ್ತರಿಸಿ, ಸಲೀಸಾಗುತ್ತದೆ.

ಸಿಡಿ ಡಬ್ಬಿಯ ಹಿಂದಿನ ಕಾರ್ಡ್ ಎಲ್ಲಿ ಹೋಗುತ್ತದೆ? ಎರಡು ಬೆನ್ನಿನ ಬರಹ ಯಾವ ದಿಕ್ಕಿಗೆ?

ಡಿಸ್ಕ್ ಕೂರುವ ತಟ್ಟೆಯ ಅಡಿಯಲ್ಲಿ. ಡಿಸ್ಕ್ ತೆಗೆದು, ತಟ್ಟೆಯ ಅಂಚಿಗೆ ಉಗುರು ಕೊಟ್ಟು ಒಂದು ಬದಿಯಿಂದ ಮೆಲ್ಲಗೆ ಎತ್ತಿ; ನಡುವಿನಿಂದ ಎಳೆದರೆ ಹಲ್ಲು ಮುರಿಯುತ್ತದೆ. ಈ ಕಾರ್ಡ್‌ಗೆ ಮಾತ್ರ 6.5 ಮಿ.ಮೀ.ನಲ್ಲಿ ಚೊಕ್ಕ ಮಡಿಕೆ ಬೇಕೇಬೇಕು. ಕಾರ್ಡನ್ನು ಬಿಡಿಸಿ ಅಚ್ಚಾದ ಮುಖ ನೋಡುವಾಗ ಎರಡೂ ಬೆನ್ನಿನ ಅಕ್ಷರಗಳ ತಲೆ ಹೊರಗಡೆಗೆ ಇರಬೇಕು. ಅಂದರೆ ಎಡದ್ದು ಕೆಳಗಿನಿಂದ ಮೇಲಕ್ಕೆ, ಬಲದ್ದು ಮೇಲಿನಿಂದ ಕೆಳಕ್ಕೆ.

ಮುಂದಿನ ಒಂಟಿ ಕಾರ್ಡ್ ಮತ್ತು ಹಿಂದಿನದು ಎರಡೂ ಒಂದೇ ನಿಲುವು ಎ4ನಲ್ಲಿ ಹಿಡಿಯುತ್ತವೆ. ಮುಂದೆ ನಾಲ್ಕು ಪುಟದ ಮಡಿಕೆ ಬೇಕೆಂದರೆ 240 × 120 ಆಗಿ ಬೇರೆ ಹಾಳೆಯೇ ಬೇಕು. ಆಗ ಹೊರಬದಿಯಲ್ಲಿ ಎಡಕ್ಕೆ 4ನೇ ಪುಟ, ಬಲಕ್ಕೆ 1. ಒಳಬದಿಯಲ್ಲಿ 2 ಮತ್ತು 3. ಅಡ್ಡ ಹಾಳೆಯ ಎರಡೂ ಬದಿ ಮುದ್ರಿಸುವಾಗ ‘ಶಾರ್ಟ್ ಎಡ್ಜ್’ ಆರಿಸಿ, ಇಲ್ಲದಿದ್ದರೆ ಒಳಪುಟ ತಲೆಕೆಳಗು.

ಮನೆಯಲ್ಲಿ ಪ್ರಿಂಟರ್ ಇಲ್ಲ, ಅಂಗಡಿಯಲ್ಲಿ ಮಾಡಿಸಬಹುದಾ?

ಡಿಜಿಟಲ್ ಪ್ರಿಂಟ್ ಅಂಗಡಿಯ 12 × 18 ಇಂಚಿನ ಹಾಳೆಯಲ್ಲಿ ಎರಡು ಡಿವಿಡಿ ಕವರ್ ಹಿಡಿಯುತ್ತವೆ. ಜೋಡಿಸಿಯೇ ಒಯ್ಯಿರಿ, ಒಂದರ ದುಡ್ಡಿಗೆ ಎರಡು. ಅಕ್ಷರಗಳನ್ನೆಲ್ಲ ಪಾತ್ ಮಾಡಿದ ಪಿಡಿಎಫ್ ಕೊಡಿ, ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇರದು. ‘130 ಆರ್ಟ್ ಪೇಪರ್, ಆಕ್ಚುಯಲ್ ಸೈಜ್’ ಎಂದು ಬಾಯಿಬಿಟ್ಟು ಹೇಳಿ. ಸುಮ್ಮನಿದ್ದರೆ ವಿಸಿಟಿಂಗ್ ಕಾರ್ಡಿನ 300 ಜಿಎಸ್‌ಎಂ ಹಾಳೆಯಲ್ಲಿ ಬರುವ ಸಂಭವವಿದೆ. 100 ಮಿ.ಮೀ. ಗೆರೆ ಅಲ್ಲೂ ಇರಲಿ, ದುಡ್ಡು ಕೊಡುವ ಮೊದಲು ಅಳೆಯಿರಿ.

ಡಿವಿಡಿ ಚಿಹ್ನೆ, ಕಂಪನಿಗಳ ಲೋಗೊ ಹಾಕಬಹುದಾ? ಪ್ರತಿ ಮಾಡಿ ಮಾರಿದರೆ?

ಆ ಚಿಹ್ನೆ ಟ್ರೇಡ್‌ಮಾರ್ಕ್, ಪರವಾನಗಿ ಪಡೆದವರಿಗೆ ಮಾತ್ರ. ಮನೆಯ ಕವರ್‌ಗೆ ಅದರ ಅಗತ್ಯವೂ ಇಲ್ಲ. ಭಜನಾ ಮಂಡಳಿಯೋ ಮೇಳವೋ ಧ್ವನಿಮುದ್ರಣದ ಸಿಡಿ ಹೊರತರುವುದಾದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ಎ ಕಲಂ ಪ್ರಕಾರ ಧ್ವನಿಮುದ್ರಣ ತಯಾರಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ ಡಿಸ್ಕ್ ಮತ್ತು ಡಬ್ಬಿ ಎರಡರ ಮೇಲೂ ಇರಬೇಕು. ವಿಡಿಯೊಗೆ ಇನ್ನೂ ಕೆಲವು ವಿವರ ಬೇಕಾಗುತ್ತದೆ.

ಕವರ್ ಆಯಿತು. ಡಿಸ್ಕ್‌ಗೂ ಅದೇ ವಿನ್ಯಾಸದ ಸ್ಟಿಕ್ಕರ್ ಅಂಟಿಸಲಾ?

ಅಂಟಿಸಬೇಡಿ. ಡಿಸ್ಕ್ 1.2 ಮಿ.ಮೀ. ದಪ್ಪ, ಓಡುವುದು ಭಾರೀ ವೇಗದಲ್ಲಿ. ಸ್ಟಿಕ್ಕರ್ ಕೂದಲೆಳೆ ಓರೆಯಾದರೂ ತೂಕ ಒಂದು ಕಡೆ ಜಗ್ಗಿ ಡಿಸ್ಕ್ ಅದುರುತ್ತದೆ, ಡಿವಿಡಿಯಲ್ಲಂತೂ ಓದುವ ದೋಷ ಬೇಗ ಕಾಣಿಸುತ್ತದೆ. ಸೆಕೆಗೆ ಅಂಟು ಸಡಿಲಾಗಿ ಅಂಚು ಎದ್ದರೆ ಡ್ರೈವ್‌ನೊಳಗೇ ಸಿಕ್ಕಿಕೊಳ್ಳುತ್ತದೆ. ಅಂಟಿಸಿದ್ದನ್ನು ಕೀಳುವುದು ಇನ್ನೂ ಕೆಟ್ಟದ್ದು: ಸಿಡಿಯಲ್ಲಿ ದತ್ತಾಂಶದ ಪದರ ಇರುವುದು ಹೆಸರು ಬರೆಯುವ ಬದಿಯ ತೆಳು ಲ್ಯಾಕರ್‌ನ ಅಡಿಯಲ್ಲೇ, ಸ್ಟಿಕ್ಕರ್ ಜೊತೆ ಅದೂ ಕಿತ್ತು ಬರುತ್ತದೆ. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುವುದರಿಂದ ಅಷ್ಟು ಅಪಾಯವಿಲ್ಲ, ಆದರೆ ಜಗ್ಗಿದರೆ ಬಿಲ್ಲೆಗಳೇ ಬೇರ್ಪಡಬಹುದು.

ಡಿಸ್ಕ್ ತಟ್ಟೆ ಇರುವ ಇಂಕ್‌ಜೆಟ್ ನಿಮ್ಮಲ್ಲಿದ್ದರೆ ಬಿಳಿ ಮೇಲ್ಮೈಯ ಪ್ರಿಂಟೆಬಲ್ ಡಿಸ್ಕ್ ತಂದು ನೇರವಾಗಿ ಮುದ್ರಿಸಿ. ಇಲ್ಲದಿದ್ದರೆ ನೀರಿನ ಶಾಯಿಯ, ಮೆತ್ತನೆ ತುದಿಯ, ಡಿಸ್ಕ್‌ಗೆಂದೇ ಮಾರುವ ಮಾರ್ಕರ್ ಕೊಂಡು ಶೀರ್ಷಿಕೆ, ಡಿಸ್ಕ್ ಸಂಖ್ಯೆ, ದಿನಾಂಕ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ತುದಿ ಲ್ಯಾಕರನ್ನು ಗೀರುತ್ತದೆ.